ತಲಾಕ್‌ನ ಬಳಿಕ ಒಡವೆ, ಮನೆ ಮತ್ತು ಸಾಲ: ಯಾರ ಹಕ್ಕು ಯಾರಿಗೆ?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಸರ್ವಲೋಕಗಳ ಪ್ರಭುವಾದ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮೇಲೂ ಅನುಚರರ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರ ಸಹೋದರಿಯರೇ, ಮೊದಲು ನನಗೂ ಆಮೇಲೆ ನಿಮಗೂ ತಕ್ವಾದ ಉಪದೇಶ ಮಾಡುತ್ತೇನೆ.

ನಿಕಾಹ್‌ನ ಖುತ್ಬಾದಲ್ಲಿ ನಾವು ಅನ್ನಿಸಾ ಅಧ್ಯಾಯದ ಮೊದಲ ಸೂಕ್ತವನ್ನು ಓದುತ್ತೇವೆ. ಒಂದೇ ಜೀವದಿಂದ ನಿಮ್ಮನ್ನೂ ನಿಮ್ಮ ಜೋಡಿಯನ್ನೂ ಸೃಷ್ಟಿಸಿದ ಪ್ರಭುವನ್ನು ಭಯಪಡಬೇಕೆಂಬ ಆದೇಶ ಅದರಲ್ಲಿದೆ. ಮದುಮಗ ಅದನ್ನು ತಲೆಬಾಗಿಸಿ ಕೇಳುತ್ತಾನೆ. ಎರಡೂ ಕಡೆಯ ಹಿರಿಯರು ಕೇಳುತ್ತಾರೆ. ಆದರೆ ಅದೇ ದಾಂಪತ್ಯ ಮುರಿದುಬೀಳುವ ಹೊತ್ತಿಗೆ ತಕ್ವಾದ ಮಾತು ಯಾರಿಗೂ ನೆನಪಿರುವುದಿಲ್ಲ. ಆಗ ನೆನಪಾಗುವುದು ವಕೀಲರು, ಪ್ರಭಾವಿ ಬಂಧುಗಳು ಮತ್ತು ಕಪಾಟಿನ ಕೀಲಿಕೈ.

ಪವಿತ್ರ ಕುರ್‌ಆನ್‌ನಲ್ಲಿ ತಲಾಕ್ ಎಂಬ ಹೆಸರಿನ ಒಂದು ಅಧ್ಯಾಯವೇ ಇದೆ. ಕೇವಲ 12 ಸೂಕ್ತಗಳ ಆ ಅಧ್ಯಾಯದಲ್ಲಿ ತಕ್ವಾದ ಮಾತು 5 ಬಾರಿ ಬರುತ್ತದೆ. ಯಾಕೆ? ಪ್ರೀತಿ ಇರುವಾಗ ಒಳ್ಳೆಯವರಾಗಿರುವುದು ಕಷ್ಟವಲ್ಲ. ಪ್ರೀತಿ ಹೋದ ಮೇಲೆ, ಕೋಪ ತುಂಬಿರುವಾಗ, ಎದುರಿಗಿರುವವರ ಹಕ್ಕನ್ನು ಒಂದು ರೂಪಾಯಿಯೂ ಕಡಿಮೆಯಾಗದಂತೆ ಕೊಡಲು ಅಲ್ಲಾಹನ ಭಯ ಬೇಕು.

ತಲಾಕ್ ಹೇಗೆ ಕೊಡಬೇಕು, ಯಾವಾಗ ಕೊಡಬಾರದು ಎಂಬುದು ಬೇರೆ ವಿಷಯ. ಪತಿ-ಪತ್ನಿಯರ ಮಧ್ಯೆ ವಿರಸ ಬಂದಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಅನ್ನಿಸಾ ಅಧ್ಯಾಯದ 35ನೇ ಸೂಕ್ತ ಹೇಳುತ್ತದೆ. ಆ ಎಲ್ಲ ಪ್ರಯತ್ನ ವಿಫಲವಾಗಿ ಬೇರ್ಪಡುವುದೇ ಉಳಿದ ದಾರಿ ಎಂದಾದ ಮೇಲೆ ಒಡವೆ, ಮನೆ, ಸಾಮಾನು ಮತ್ತು ಸಾಲದ ಲೆಕ್ಕ ಹೇಗೆ ಮಾಡಬೇಕು? ಇಂದು ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ನಿಕಾಹ್‌ನಿಂದ ಆಸ್ತಿ ಒಂದಾಗುವುದಿಲ್ಲ

ಸಹೋದರರೇ, ಈ ವಿಷಯದ ಮೂಲ ನಿಯಮ ಸರಳವಾದುದು. ನಿಕಾಹ್ ಎರಡು ಜೀವಗಳನ್ನು ಸೇರಿಸುತ್ತದೆ, ಎರಡು ಆಸ್ತಿಗಳನ್ನು ಸೇರಿಸುವುದಿಲ್ಲ. ಪುರುಷರು ಗಳಿಸಿದ್ದರಲ್ಲಿ ಪುರುಷರಿಗೆ ಪಾಲು, ಸ್ತ್ರೀಯರು ಗಳಿಸಿದ್ದರಲ್ಲಿ ಸ್ತ್ರೀಯರಿಗೆ ಪಾಲು ಎಂಬುದು ಅನ್ನಿಸಾ ಅಧ್ಯಾಯದ 32ನೇ ಸೂಕ್ತದ ತತ್ವ. ಮದುವೆಯಾದ ಮಾತ್ರಕ್ಕೆ ಹೆಂಡತಿಯ ಸೊತ್ತು ಗಂಡನದ್ದಾಗುವುದಿಲ್ಲ, ತಲಾಕ್ ಆದ ಮಾತ್ರಕ್ಕೆ ಗಂಡನ ಸೊತ್ತು ಹೆಂಡತಿಯದ್ದೂ ಆಗುವುದಿಲ್ಲ. ಮಾಲಕತ್ವ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಸಹಾಬಿ ಅಬ್ದುಲ್ಲಾ ಇಬ್ನು ಮಸ್ಊದ್(ರ)ರ ಪತ್ನಿ ಝೈನಬ್(ರ) ಸ್ವಂತ ಸಂಪತ್ತುಳ್ಳವರಾಗಿದ್ದರು. ಪತಿಯ ಕೈಯಲ್ಲಿ ಹಣವಿರಲಿಲ್ಲ. ತನ್ನ ಪತಿಗೂ ತನ್ನ ಆಶ್ರಯದಲ್ಲಿರುವ ಅನಾಥ ಮಕ್ಕಳಿಗೂ ಖರ್ಚು ಮಾಡಿದರೆ ಅದು ದಾನವಾಗಿ ಸ್ವೀಕಾರವಾಗುವುದೇ ಎಂದು ಅವರು ಪ್ರವಾದಿ(ಸ)ರಿಂದ ಕೇಳಿ ತಿಳಿಯಲು ಬಯಸಿದರು. ಅದಕ್ಕೆ ಎರಡು ಪ್ರತಿಫಲವಿದೆ, ಸಂಬಂಧ ಜೋಡಿಸಿದ್ದಕ್ಕೆ ಒಂದು ಮತ್ತು ದಾನಕ್ಕೆ ಒಂದು ಎಂಬ ಉತ್ತರ ಬಂತು. ಬುಖಾರಿಯಲ್ಲಿ ಈ ವರದಿ ಇದೆ. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಹೆಂಡತಿ ಗಂಡನಿಗಾಗಿ ಖರ್ಚು ಮಾಡುವುದನ್ನು ಪ್ರವಾದಿ(ಸ) ಅವಳ ಔದಾರ್ಯವೆಂದು ಎಣಿಸಿದರು, ಗಂಡನ ಹಕ್ಕೆಂದು ಎಣಿಸಲಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಬಾರಿ ಇದು ತಲೆಕೆಳಗಾಗಿದೆ.

ಮಹ್ರ್: ತೀರದ ಮೊದಲ ಬಾಕಿ

ಬೇರ್ಪಡುವಾಗ ಲೆಕ್ಕದ ಕಾಗದದಲ್ಲಿ ಮೊದಲು ಬರೆಯಬೇಕಾದುದು ಮಹ್ರ್. ಕೊಟ್ಟಿದ್ದರೆ ಅದು ಅವಳದ್ದು. ಕೊಡದೆ ಬಾಕಿ ಇಟ್ಟಿದ್ದರೆ ಅದು ಗಂಡನ ಮೇಲಿರುವ ಸಾಲ. ಅಂಗಡಿಯ ಬಾಕಿ, ಬ್ಯಾಂಕಿನ ಬಾಕಿ ಹೇಗೋ ಹಾಗೆಯೇ ಇದೂ. ಗಂಡ ತೀರಿಹೋದರೂ ಆ ಸಾಲ ತೀರುವುದಿಲ್ಲ. ವಾರಸುದಾರರು ಆಸ್ತಿ ಹಂಚಿಕೊಳ್ಳುವ ಮುಂಚೆ ಸಾಲ ತೀರಿಸಬೇಕೆಂದು ಕುರ್‌ಆನ್ ಆದೇಶಿಸಿದೆ, ಬಾಕಿ ಉಳಿದ ಮಹ್ರ್ ಆ ಸಾಲದಲ್ಲಿ ಸೇರಿದೆ.

ಒಬ್ಬಳನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗಲು ಬಯಸುವವನು ಮೊದಲಿನವಳಿಗೆ ಸಂಪತ್ತಿನ ರಾಶಿಯನ್ನೇ ಕೊಟ್ಟಿದ್ದರೂ ಅದರಿಂದ ಏನನ್ನೂ ಮರಳಿ ಪಡೆಯಬಾರದೆಂದು ಅನ್ನಿಸಾ ಅಧ್ಯಾಯದ 20 ಮತ್ತು 21ನೇ ಸೂಕ್ತಗಳು ತಾಕೀತು ಮಾಡುತ್ತವೆ. ದಂಪತಿಗಳು ಒಟ್ಟಿಗೆ ಬಾಳುವ ಮೊದಲೇ ತಲಾಕ್ ಆದರೆ, ನಿಗದಿಯಾದ ಮಹ್ರ್‌ನ ಅರ್ಧವನ್ನು ಕೊಡಬೇಕು. ಅಲ್ಲಿಯೂ ಪರಸ್ಪರರ ಮಧ್ಯೆ ಔದಾರ್ಯವನ್ನು ಮರೆಯಬಾರದು ಎಂಬ ಬುದ್ಧಿಮಾತು ಅಲ್‌ಬಕರಃ ಅಧ್ಯಾಯದ 237ನೇ ಸೂಕ್ತದಲ್ಲಿದೆ.

ಮಹ್ರ್ ಮಾಫಿ ಮಾಡಿಸಿಕೊಳ್ಳುವ ಅಭ್ಯಾಸವೊಂದು ನಮ್ಮಲ್ಲಿದೆ. ಹೆಂಡತಿ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಅದು ಹಲಾಲ್ ಎಂದು ಅನ್ನಿಸಾ ಅಧ್ಯಾಯದ 4ನೇ ಸೂಕ್ತ ಷರತ್ತು ಹಾಕಿದೆ. ಮಕ್ಕಳನ್ನು ಕೊಡುವುದಿಲ್ಲ ಎಂದು ಹೆದರಿಸಿ, ನಾಲ್ಕು ಗಂಡಸರ ಮಧ್ಯೆ ಕೂರಿಸಿ ಪಡೆದ ಮಾಫಿಯಲ್ಲಿ ಮನಸ್ಸು ಎಲ್ಲಿದೆ?

ಅಡವಿಟ್ಟ ಒಡವೆ

ಇನ್ನು ಅತಿ ಹೆಚ್ಚು ಜಗಳವಾಗುವ ವಿಷಯಕ್ಕೆ ಬರೋಣ. ಅದು ಬಂಗಾರ.

ಒಂದು ಉದಾಹರಣೆ ತೆಗೆದುಕೊಳ್ಳಿ. ಮದುವೆಯಾದ ವರ್ಷ ಗಂಡನಿಗೆ ಗಲ್ಫ್‌ಗೆ ಹೋಗಲು ಅವಕಾಶ ಬಂತು. ವೀಸಾ, ಟಿಕೆಟಿಗೆ ಹಣ ಬೇಕು. ಹೆಂಡತಿ ತವರಿನಿಂದ ತಂದ 20 ಪವನ್ ಒಡವೆಯಲ್ಲಿ 10 ಪವನ್ ತೆಗೆದುಕೊಟ್ಟಳು. ಅವನು ಮಾರಿದ, ಹೋದ, ದುಡಿದ, ಮನೆ ಕಟ್ಟಿದ. 12 ವರ್ಷದ ಬಳಿಕ ಸಂಬಂಧ ಕೆಟ್ಟಿತು. ಈಗ ಅವಳು ಒಡವೆ ಕೇಳುತ್ತಾಳೆ. ಅವನ ಕಡೆಯವರು, ‘ಅದು ಅಂದೇ ಖರ್ಚಾಯಿತಲ್ಲ, ಅವಳೇ ಕೊಟ್ಟಿದ್ದಲ್ಲವೇ?’ ಎನ್ನುತ್ತಾರೆ.

ಅವಳೇ ಕೊಟ್ಟದ್ದು ನಿಜ. ಆದರೆ ಏನೆಂದು ಕೊಟ್ಟಳು? ಇದಕ್ಕೆ ಮೂರು ಉತ್ತರ ಇರಬಹುದು. ಉಡುಗೊರೆಯಾಗಿ ಕೊಟ್ಟಿದ್ದರೆ ಅದು ಅವನದ್ದಾಯಿತು, ಮರಳಿ ಕೇಳುವಂತಿಲ್ಲ. ಸಾಲವಾಗಿ ಕೊಟ್ಟಿದ್ದರೆ ಮರಳಿಸಲೇಬೇಕು. ವ್ಯಾಪಾರಕ್ಕೆ ಅಥವಾ ಮನೆ ಕಟ್ಟಲು ಪಾಲು ಎಂದು ಕೊಟ್ಟಿದ್ದರೆ ಅಷ್ಟರ ಮಟ್ಟಿಗೆ ಅವಳೂ ಪಾಲುದಾರಳು. ಯಾವುದೆಂದು ಅಂದು ಯಾರೂ ಮಾತಾಡಲಿಲ್ಲ, ಯಾರೂ ಬರೆದಿಡಲಿಲ್ಲ. ಹಾಗಾದರೆ ಅವಳ ಮೌನವನ್ನು ಉಡುಗೊರೆ ಎಂದು ತಿಳಿಯಬಹುದೇ? ಮೌನವಾಗಿದ್ದವರ ಬಾಯಿಗೆ ಮಾತನ್ನು ತುರುಕಬಾರದು ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಕಷ್ಟದ ಹೊತ್ತಿನಲ್ಲಿ ಬಳೆ ಬಿಚ್ಚಿ ಕೊಟ್ಟ ಹೆಣ್ಣು, ‘ಇದು ಸಾಲ, ನೆನಪಿರಲಿ’ ಎಂದು ಹೇಳಲಾರಳು. ನಮ್ಮ ಮನೆಗಳಲ್ಲಿ ಹಾಗೆ ಹೇಳಿದರೆ ಅವಳನ್ನು ಸ್ವಾರ್ಥಿ ಎನ್ನುತ್ತಾರೆ. ಅವಳ ಆ ಸಂಕೋಚವನ್ನು ಇಂದು ಅವಳ ವಿರುದ್ಧವೇ ಪುರಾವೆಯಾಗಿ ಬಳಸುವುದು ಅನ್ಯಾಯ.

ಸಾಲವಾಗಿ ಪಡೆದ ಬಂಗಾರವನ್ನು ಮರಳಿಸುವಾಗ ತೂಕಕ್ಕೆ ತೂಕ ಲೆಕ್ಕ. 10 ಪವನ್ ಎಂದರೆ 80 ಗ್ರಾಂ. 80 ಗ್ರಾಂ ಪಡೆದವನು ಅದೇ ಗುಣಮಟ್ಟದ 80 ಗ್ರಾಂ ಕೊಡಬೇಕು. 12 ವರ್ಷದ ಹಿಂದಿನ ದರ ಹೇಳಿ ಅಷ್ಟು ನೋಟು ಎಣಿಸಿ ಕೊಟ್ಟರೆ ಸಾಲ ತೀರುವುದಿಲ್ಲ. ದರ ಏರಿದ್ದರಿಂದ ಅವನಿಗೆ ಭಾರವಾಗಬಹುದು. ಹಾಗಿದ್ದರೆ ಕಂತು ಕೇಳಲಿ. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಬೇಕೆಂದು ಅಲ್‌ಬಕರಃ ಅಧ್ಯಾಯದ 280ನೇ ಸೂಕ್ತ ಕಲಿಸುತ್ತದೆ. ಸಮಯ ಕೇಳುವುದು ಬೇರೆ, ಸಾಲವೇ ಇಲ್ಲ ಎನ್ನುವುದು ಬೇರೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗಂಡ ಮದುವೆಯ ದಿನ ತೊಡಿಸಿದ ಸರ, ಹಬ್ಬಕ್ಕೆ ಕೊಡಿಸಿದ ಉಂಗುರ ಅವಳಿಗೆ ಕೊಟ್ಟ ಉಡುಗೊರೆ. ಕೊಟ್ಟ ಉಡುಗೊರೆಯನ್ನು ಮರಳಿ ಪಡೆಯುವವನ ಬಗ್ಗೆ ಪ್ರವಾದಿ(ಸ) ಎಂತಹ ಹೇಸಿಗೆಯ ಹೋಲಿಕೆ ಕೊಟ್ಟಿದ್ದಾರೆಂದು ನಿಮಗೆ ಗೊತ್ತಿದೆ. ಹನಫೀ ಮತ್ತು ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಪತಿ-ಪತ್ನಿ ಪರಸ್ಪರ ಕೊಟ್ಟು ಕೈಸೇರಿಸಿದ ಉಡುಗೊರೆಯನ್ನು ವಾಪಸು ಪಡೆಯಲು ಅವಕಾಶವಿಲ್ಲ. ಈ ನಿಯಮ ಅವಳಿಗೂ ಅನ್ವಯ. ಪ್ರೀತಿಯಿಂದ ಗಂಡನಿಗೆ ಕೊಡಿಸಿದ ಗಡಿಯಾರವನ್ನು ಸಿಟ್ಟಿನಿಂದ ಸಾಲದ ಪಟ್ಟಿಗೆ ಸೇರಿಸಬಾರದು. ಮಗುವಿಗೆ ಅಜ್ಜ-ಅಜ್ಜಿ ಹಾಕಿದ ಬಳೆ, ಕಾಲ್ಗೆಜ್ಜೆ ತಂದೆಯದ್ದೂ ಅಲ್ಲ, ತಾಯಿಯದ್ದೂ ಅಲ್ಲ. ಅದು ಮಗುವಿನ ಸೊತ್ತು. ಅದನ್ನು ಇಟ್ಟುಕೊಂಡವರ ಕೈಯಲ್ಲಿ ಅದು ಅಮಾನತ್ತು.

ವರದಕ್ಷಿಣೆ ಎಂದು ಗಂಡಿನ ಮನೆಯವರು ಪಡೆದ ಹಣದ ಬಗ್ಗೆ ಹೆಚ್ಚು ಮಾತು ಬೇಡ. ಅದು ಮೊದಲ ದಿನವೇ ಅನ್ಯಾಯದ ಹಣ. ತಲಾಕ್ ಆದರೂ ಆಗದಿದ್ದರೂ ಅದನ್ನು ಮರಳಿಸಬೇಕು.

ಮನೆ ಮತ್ತು ಮನೆಯ ಸಾಮಾನು

ಫ್ರಿಡ್ಜ್, ಮಂಚ, ಪಾತ್ರೆ, ಕಪಾಟು. ಇವುಗಳ ರಸೀದಿ ಯಾರ ಬಳಿಯೂ ಇರುವುದಿಲ್ಲ. ಈ ಜಗಳ ಇಂದಿನದ್ದಲ್ಲ. ಫಿಕ್ಹ್‌ನ ಇಮಾಮರು ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಪುರಾವೆ ಇದ್ದರೆ ಪುರಾವೆಯಂತೆ ತೀರ್ಮಾನ. ಪುರಾವೆ ಇಲ್ಲದಿದ್ದರೆ ಹನಫೀ ಮದ್‌ಹಬ್‌ನಲ್ಲಿ ಸ್ತ್ರೀಯರ ಬಳಕೆಯ ವಸ್ತುವಿನಲ್ಲಿ ಹೆಂಡತಿಯ ಮಾತಿಗೂ, ಪುರುಷರ ಬಳಕೆಯ ಅಥವಾ ಇಬ್ಬರೂ ಬಳಸುವ ವಸ್ತುವಿನಲ್ಲಿ ಗಂಡನ ಮಾತಿಗೂ, ಪ್ರಮಾಣದೊಂದಿಗೆ, ಮನ್ನಣೆ. ಶಾಫಿಈ ಮದ್‌ಹಬ್‌ನಲ್ಲಿ ಇಬ್ಬರೂ ಪ್ರಮಾಣ ಮಾಡಿದ ಬಳಿಕ ಇಬ್ಬರಿಗೂ ಅರ್ಧರ್ಧ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈಗಳು, ಘಟ್ಟದ ಮೇಲೆ ಹನಫೀಗಳು ಹೆಚ್ಚು. ಎರಡು ಮದ್‌ಹಬ್‌ಗಳ ಕುಟುಂಬಗಳ ಮಧ್ಯೆ ಸಂಬಂಧ ಬೆಳೆದಿರುವ ಈ ಕಾಲದಲ್ಲಿ ಮಧ್ಯಸ್ಥರು ಇದನ್ನು ತಿಳಿದಿರಬೇಕು. ತಮಗೆ ಲಾಭವಾಗುವ ಮದ್‌ಹಬ್ ಹುಡುಕಿಕೊಂಡು ಹೋಗುವುದು ದೀನ್ ಅಲ್ಲ.

ಮನೆಯ ವಿಷಯ ಇನ್ನೂ ದೊಡ್ಡದು. ಜಾಗ ಗಂಡನ ಹೆಸರಿನಲ್ಲಿದೆ, ಚಾವಣಿಗೆ ಹಣ ಕೊಟ್ಟವರು ಹೆಂಡತಿಯ ತಂದೆ. ಅಥವಾ ತೆರಿಗೆ, ಸಾಲದ ಅನುಕೂಲಕ್ಕೆಂದು ಮನೆ ಹೆಂಡತಿಯ ಹೆಸರಿನಲ್ಲಿದೆ, ಪೂರ್ತಿ ಹಣ ಗಂಡನ ಬೆವರಿನದ್ದು. ಕಾಗದ ಒಬ್ಬರ ಕಡೆಗಿದೆ, ಸತ್ಯ ಇನ್ನೊಬ್ಬರ ಕಡೆಗಿದೆ. ಇಂತಹ ಹೊತ್ತಿನಲ್ಲಿ ಕಾಗದ ಹಿಡಿದವರು ಒಂದು ಹದೀಸನ್ನು ನೆನಪಿಸಿಕೊಳ್ಳಬೇಕು.

ಹಳೆಯ ವಾರೀಸು ಆಸ್ತಿಯ ಬಗ್ಗೆ ಇಬ್ಬರು ವ್ಯಕ್ತಿಗಳು ಪ್ರವಾದಿ(ಸ)ರ ಬಳಿಗೆ ಬಂದರು. ಇಬ್ಬರ ಬಳಿಯೂ ಪುರಾವೆ ಇರಲಿಲ್ಲ. ತಾನು ಕೇಳಿದ್ದರ ಆಧಾರದಲ್ಲಿ ತೀರ್ಪು ಕೊಡುವ ಮನುಷ್ಯ ಮಾತ್ರ, ಮಾತಿನ ಚಾತುರ್ಯದಿಂದ ಯಾರಾದರೂ ತನ್ನ ಸಹೋದರನ ಹಕ್ಕನ್ನು ಪಡೆದರೆ ಅವನು ಪಡೆಯುವುದು ನರಕಾಗ್ನಿಯ ಒಂದು ತುಂಡನ್ನು ಎಂದು ಪ್ರವಾದಿ(ಸ) ಎಚ್ಚರಿಸಿದರು. ಆ ಮಾತು ಕೇಳಿ ಇಬ್ಬರೂ ಅತ್ತರು. ನನ್ನ ಹಕ್ಕು ನಿನಗಿರಲಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆಗ ಪ್ರವಾದಿ(ಸ) ಅವರಿಗೆ ಮೂರು ದಾರಿ ತೋರಿಸಿದರು. ಸತ್ಯಕ್ಕೆ ಹತ್ತಿರವಾಗುವಂತೆ ಪಾಲು ಮಾಡಿ, ಚೀಟಿ ಎತ್ತಿ, ಬಳಿಕ ಪರಸ್ಪರ ಮನ್ನಿಸಿಬಿಡಿ ಎಂದರು. ಅಬೂದಾವೂದ್‌ನಲ್ಲಿ ಈ ವರದಿ ಇದೆ. ತೀರ್ಪು ಕೊಟ್ಟವರು ಸ್ವತಃ ಅಲ್ಲಾಹನ ರಸೂಲರಾಗಿದ್ದರೂ ಅನ್ಯಾಯವಾಗಿ ಪಡೆದದ್ದು ಹಲಾಲ್ ಆಗುವುದಿಲ್ಲ ಎಂದಾದರೆ, ರಿಜಿಸ್ಟ್ರಾರ್ ಕಚೇರಿಯ ಮುದ್ರೆಯಿಂದ ಆಗುವುದೇ?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಹೆಂಡತಿ ಹಣ ಕೊಟ್ಟಿಲ್ಲ, ಆದರೆ 20 ವರ್ಷ ಮನೆ ನಡೆಸಿದ್ದಾಳೆ, ತೋಟದಲ್ಲಿ ದುಡಿದಿದ್ದಾಳೆ, ಬೀಡಿ ಕಟ್ಟಿದ್ದಾಳೆ, ಗಂಡನ ತಂದೆ ತಾಯಿಯ ಸೇವೆ ಮಾಡಿದ್ದಾಳೆ. ಅವಳ ಆ ದುಡಿಮೆಗೆ ಬೆಲೆ ಇಲ್ಲವೇ? ಮುಸ್ಲಿಮ್ ಜಗತ್ತು ಇದರ ಬಗ್ಗೆ ಯೋಚಿಸಿದೆ. ಇಂಡೋನೇಶ್ಯಾದ 1991ರ ಇಸ್ಲಾಮೀ ಕಾನೂನು ಸಂಹಿತೆಯ 97ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದಾಂಪತ್ಯದಲ್ಲಿ ಜೊತೆಯಾಗಿ ಗಳಿಸಿದ ಆಸ್ತಿಯಲ್ಲಿ ಇಬ್ಬರಿಗೂ ಅರ್ಧರ್ಧ. ಮಲೇಶ್ಯಾದ ಶರೀಅತ್ ನ್ಯಾಯಾಲಯಗಳೂ ಜಂಟಿ ಗಳಿಕೆಯನ್ನು ಪಾಲು ಮಾಡುತ್ತವೆ. ಮೊರೊಕ್ಕೊದ 2004ರ ಕುಟುಂಬ ಕಾನೂನು ಇಬ್ಬರ ಆಸ್ತಿಯೂ ಪ್ರತ್ಯೇಕ ಎಂದೇ ಹೇಳುತ್ತದೆ, ಆದರೆ ಮದುವೆಯ ಹೊತ್ತಿಗೇ ಆಸ್ತಿಯ ಬಗ್ಗೆ ಪ್ರತ್ಯೇಕ ಒಪ್ಪಂದ ಬರೆಯಲು ಅವಕಾಶ ಕೊಡುತ್ತದೆ. ಒಪ್ಪಂದ ಇಲ್ಲದಿದ್ದರೆ ಇಬ್ಬರ ದುಡಿಮೆ, ಶ್ರಮವನ್ನು ಗಮನಿಸಲು ಹೇಳುತ್ತದೆ.

ನಮ್ಮಲ್ಲಿ ಅಂತಹ ವ್ಯವಸ್ಥೆ ಇಲ್ಲ. ಆದರೆ ನಮಗೆ ಕುರ್‌ಆನ್ ಕೊಟ್ಟ ಮತಾಅ್ ಇದೆ. ವಿಚ್ಛೇದಿತೆಯರಿಗೆ ನ್ಯಾಯೋಚಿತವಾದ ಜೀವನ ಸಾಧನ ಕೊಡುವುದು ಧರ್ಮನಿಷ್ಠರ ಮೇಲಿರುವ ಕರ್ತವ್ಯವೆಂದು ಅಲ್‌ಬಕರಃ ಅಧ್ಯಾಯದ 241ನೇ ಸೂಕ್ತ ಹೇಳುತ್ತದೆ. ಅದರ ಪ್ರಮಾಣ ಗಂಡನ ಸಾಮರ್ಥ್ಯಕ್ಕೆ ತಕ್ಕಂತೆ. ಎರಡು ಅಂತಸ್ತಿನ ಮನೆ, ಕಾರು, ಅಂಗಡಿ ಇರುವವನು ಮೂರು ಜೊತೆ ಬಟ್ಟೆ ಮತ್ತು ಹತ್ತು ಸಾವಿರ ರೂಪಾಯಿ ಕೊಟ್ಟು ಕೈತೊಳೆದುಕೊಂಡರೆ ಈ ಸೂಕ್ತವನ್ನು ಪಾಲಿಸಿದಂತಾಗುವುದಿಲ್ಲ. ಇದ್ದತ್ ಮುಗಿಯುವ ತನಕ ಅವಳನ್ನು ಮನೆಯಿಂದ ಹೊರಹಾಕಬಾರದು ಎಂಬ ಆದೇಶವೂ ತಲಾಕ್ ಅಧ್ಯಾಯದ ಮೊದಲ ಸೂಕ್ತದಲ್ಲೇ ಇದೆ. ರಾತ್ರಿ ಹೊತ್ತು ಬ್ಯಾಗ್ ಕೊಟ್ಟು ತವರಿಗೆ ಕಳುಹಿಸುವವರು ಅದನ್ನೊಮ್ಮೆ ಓದಲಿ.

ಸಾಲ ಯಾರ ಹೆಗಲಿಗೆ?

ಆಸ್ತಿಯಂತೆ ಸಾಲವೂ ಪ್ರತ್ಯೇಕ. ಗಂಡನ ಸಾಲಕ್ಕೆ ಹೆಂಡತಿ ಹೊಣೆಯಲ್ಲ, ಹೆಂಡತಿಯ ಸ್ವಂತ ವ್ಯಾಪಾರದ ಸಾಲಕ್ಕೆ ಗಂಡ ಹೊಣೆಯಲ್ಲ. ಆದರೆ ಮನೆಯ ಅಕ್ಕಿ, ಬೇಳೆ, ಬಾಡಿಗೆ, ಔಷಧಕ್ಕಾಗಿ ಆದ ಸಾಲ ಗಂಡನದ್ದೇ. ಯಾಕೆಂದರೆ ಹೆಂಡತಿ ಮಕ್ಕಳ ಜೀವನಾಂಶ ಅವನ ಮೇಲೆ ಕಡ್ಡಾಯ. ಅಬೂ ಸುಫ್ಯಾನ್ ಸಾಕಷ್ಟು ಖರ್ಚಿಗೆ ಕೊಡುವುದಿಲ್ಲವೆಂದು ಹಿಂದ್(ರ) ದೂರಿದಾಗ, ತನಗೂ ಮಕ್ಕಳಿಗೂ ಬೇಕಾದಷ್ಟನ್ನು ನ್ಯಾಯವಾಗಿ ಅವರ ಸಂಪತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿ ಕೊಟ್ಟಿದ್ದರು.

ಈಗ ನಮ್ಮ ಊರುಗಳಲ್ಲಿ ಕಾಣುವ ಸ್ಥಿತಿ ನೋಡಿ. ಸ್ವಸಹಾಯ ಸಂಘದಲ್ಲಿ, ಮೈಕ್ರೋ ಫೈನಾನ್ಸ್‌ನಲ್ಲಿ ಸಾಲ ಸಿಗುವುದು ಹೆಂಗಸರ ಹೆಸರಿಗೆ. ಗಂಡನ ಆಟೋಗೆ, ಮೀನಿನ ವ್ಯಾಪಾರಕ್ಕೆ, ಅವನ ತಂಗಿಯ ಮದುವೆಗೆ ಅವಳು ಸಹಿ ಹಾಕಿ ಸಾಲ ತರುತ್ತಾಳೆ. ಬಡ್ಡಿಯ ಪಾಪ ಬೇರೆಯೇ ಇದೆ. ತಲಾಕ್ ಆದ ಮೇಲೆ ವಾರದ ಕಂತು ಕೇಳಲು ಬರುವವರು ಅವಳ ತವರಿನ ಬಾಗಿಲು ಬಡಿಯುತ್ತಾರೆ. ಹಣ ಉಪಯೋಗಿಸಿದವನು ಬೇರೆ ಊರಿನಲ್ಲಿ ಹೊಸ ಸಂಸಾರ ಹೂಡಿರುತ್ತಾನೆ. ಕಾಗದದಲ್ಲಿ ಅದು ಅವಳ ಸಾಲವಾದರೂ ಅಲ್ಲಾಹನ ಬಳಿ ಅದು ಅವನ ಸಾಲ.

ಬ್ಯಾಂಕಿನ ವಿಷಯದಲ್ಲಿ ಒಂದು ಪ್ರಾಯೋಗಿಕ ಮಾತು. ಮನೆಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ, ಅಥವಾ ಒಬ್ಬರು ಜಾಮೀನು ನಿಂತಿದ್ದರೆ, ‘ಇನ್ನು ಮುಂದೆ ಕಂತು ಅವನೇ ಕಟ್ಟುತ್ತಾನೆ’ ಎಂದು ಜಮಾಅತ್‌ನಲ್ಲಿ ಬರೆದುಕೊಟ್ಟರೆ ಸಾಲದು. ಆ ಬರಹ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬ್ಯಾಂಕ್ ಲಿಖಿತವಾಗಿ ಬಿಡುಗಡೆ ಮಾಡುವ ತನಕ ಇಬ್ಬರೂ ಹೊಣೆಗಾರರೇ. ಆದ್ದರಿಂದ ಸಾಲವನ್ನು ಒಬ್ಬರ ಹೆಸರಿಗೆ ಬದಲಾಯಿಸುವುದೋ, ತೀರಿಸುವುದೋ, ಆ ಕೆಲಸ ಬೇರ್ಪಡುವ ಒಪ್ಪಂದದ ಭಾಗವಾಗಿಯೇ ಮುಗಿಯಬೇಕು. ಜಂಟಿ ಖಾತೆ, ಲಾಕರ್, ನಾಮಿನಿ ಹೆಸರು ಇವೂ ಅದರಲ್ಲಿ ಸೇರಲಿ.

ಸಾಲವನ್ನು ಹಗುರವಾಗಿ ಕಾಣಬೇಡಿ. ಕೆಲವೇ ದೀನಾರ್ ಸಾಲ ಉಳಿಸಿ ಸತ್ತವನ ಜನಾಝಾ ನಮಾಝಿಗೆ ಪ್ರವಾದಿ(ಸ) ಸ್ವತಃ ನಿಲ್ಲಲಿಲ್ಲ. ನಿಮ್ಮ ಸಂಗಾತಿಯ ಮೇಲೆ ನೀವು ನಮಾಝ್ ಮಾಡಿರಿ ಎಂದುಬಿಟ್ಟರು. ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದ(ರ) ವಹಿಸಿಕೊಂಡ ಮೇಲೆಯೇ ಅವರು ನಮಾಝ್ ನಿರ್ವಹಿಸಿದರು. ಮಾಜಿ ಪತ್ನಿಯ ಬಾಕಿ ಸಾಲವಲ್ಲ ಎಂದು ಯಾವ ಕಿತಾಬಿನಲ್ಲೂ ಬರೆದಿಲ್ಲ.

ಖುಲಾ ಚೌಕಾಸಿಯಲ್ಲ

ಹೆಂಡತಿಯೇ ಬಿಡುಗಡೆ ಬಯಸಿದರೆ ಅದು ಖುಲಾ. ಸಾಬಿತ್ ಇಬ್ನು ಕೈಸ್(ರ)ರ ಪತ್ನಿಗೆ ಪತಿಯ ದೀನ್ ಅಥವಾ ಸ್ವಭಾವದ ಬಗ್ಗೆ ದೂರಿರಲಿಲ್ಲ, ಮನಸ್ಸು ಮಾತ್ರ ಒಪ್ಪಲಿಲ್ಲ. ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸಲು ಆಕೆ ಒಪ್ಪಿದಾಗ ಪ್ರವಾದಿ(ಸ) ಅವರನ್ನು ಬೇರ್ಪಡಿಸಿದರು. ಇಬ್ನು ಮಾಜಃ ವರದಿ ಮಾಡಿದಂತೆ, ತೋಟಕ್ಕಿಂತ ಹೆಚ್ಚಿಗೆ ಪಡೆಯಬಾರದು ಎಂದೂ ಪತಿಗೆ ಹೇಳಿದರು.

ಇಂದು ಏನಾಗುತ್ತಿದೆ? ಕೆಲವರು ತಲಾಕೂ ಕೊಡುವುದಿಲ್ಲ, ಬಾಳಿಸುವುದೂ ಇಲ್ಲ. ವರ್ಷಗಟ್ಟಲೆ ತವರಿನಲ್ಲಿ ಕೂರಿಸಿ, ಬೇಸತ್ತು ಅವಳೇ ಖುಲಾ ಕೇಳಲಿ, ಆಗ ಮಹ್ರ್, ಒಡವೆ ಎಲ್ಲವನ್ನೂ ಬಿಡಿಸಿಕೊಳ್ಳೋಣ ಎಂದು ಕಾಯುತ್ತಾರೆ. ಕೊಟ್ಟದ್ದರಲ್ಲಿ ಒಂದು ಪಾಲು ಕಸಿಯಲಿಕ್ಕಾಗಿ ಸ್ತ್ರೀಯರನ್ನು ಪೀಡಿಸಬಾರದೆಂದು ಅನ್ನಿಸಾ ಅಧ್ಯಾಯದ 19ನೇ ಸೂಕ್ತ ತಡೆದಿದೆ. ತಪ್ಪು ಗಂಡನದ್ದಾಗಿರುವಾಗ ಖುಲಾಕ್ಕೆ ಪರಿಹಾರ ಪಡೆಯುವುದನ್ನು ಹನಫೀ ವಿದ್ವಾಂಸರು ಖಂಡಿಸಿದ್ದಾರೆ. ಇನ್ನು ಮಕ್ಕಳ ಖರ್ಚಿನ ಹಕ್ಕು ಮಕ್ಕಳದ್ದು. ತಾಯಿ ತನ್ನ ಬಿಡುಗಡೆಗಾಗಿ ಅದನ್ನು ಬಿಟ್ಟುಕೊಡುವಂತೆ ಮಾಡಬಾರದು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ಕಾನೂನನ್ನೂ ತಿಳಿದಿರಬೇಕು. 1986ರ ಮುಸ್ಲಿಮ್ ಮಹಿಳೆಯರ (ವಿಚ್ಛೇದನೆಯ ಹಕ್ಕುಗಳ ರಕ್ಷಣೆ) ಕಾಯ್ದೆಯ 3ನೇ ಕಲಮಿನಂತೆ ವಿಚ್ಛೇದಿತೆಗೆ ಬಾಕಿ ಮಹ್ರ್ ಸಲ್ಲಬೇಕು. ಮದುವೆಗೆ ಮುಂಚೆ, ಮದುವೆಯಲ್ಲಿ ಅಥವಾ ಆ ಬಳಿಕ ಅವಳ ಬಂಧುಗಳು, ಗಂಡ, ಗಂಡನ ಬಂಧುಗಳು, ಸ್ನೇಹಿತರು ಅವಳಿಗೆ ಕೊಟ್ಟ ಎಲ್ಲ ಸೊತ್ತೂ ಸಲ್ಲಬೇಕು. ಇದ್ದತ್‌ನ ಅವಧಿಯೊಳಗೆ ನ್ಯಾಯಯುತ ಜೀವನ ವ್ಯವಸ್ಥೆಯನ್ನೂ ಮಾಡಬೇಕು. ಈ ವ್ಯವಸ್ಥೆ ಇದ್ದತ್‌ನ ಮೂರು ತಿಂಗಳಿಗೆ ಮಾತ್ರವಲ್ಲ, ಅವಳ ಮುಂದಿನ ಬದುಕಿಗೂ ಸಾಲುವಂತಿರಬೇಕೆಂದು ಸುಪ್ರೀಮ್ ಕೋರ್ಟ್ 2001ರ ಡ್ಯಾನಿಯಲ್ ಲತೀಫಿ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಕೊಡದಿದ್ದರೆ ಅವಳು ಮ್ಯಾಜಿಸ್ಟ್ರೇಟ್ ಬಳಿ ಅರ್ಜಿ ಹಾಕಬಹುದು. ತಂದೆಯು ಮಕ್ಕಳನ್ನು ಪೋಷಿಸುವ ಹೊಣೆ ಎರಡು ವರ್ಷಕ್ಕೆ ಮುಗಿಯುವುದಿಲ್ಲವೆಂದು 1997ರ ನೂರ್ ಸಬಾ ಖಾತೂನ್ ತೀರ್ಪು ಹೇಳಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಬೇರೆಯವರು ಪಡೆದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ವಧುವಿಗೆ ಒಪ್ಪಿಸಬೇಕು.

ಕೋರ್ಟಿಗೆ ಹೋದವಳನ್ನು ದೀನ್ ಬಿಟ್ಟವಳಂತೆ ಕಾಣುವ ಜನರಿದ್ದಾರೆ. ಮಹ್ರ್, ಒಡವೆ, ಮತಾಅ್ ಅವಳಿಗೆ ಕೊಟ್ಟವನು ಅಲ್ಲಾಹನು. ಅದನ್ನು ಮಸೀದಿಯ ಕಚೇರಿಯಲ್ಲಿ ಕೊಡಿಸಲು ನಮ್ಮಿಂದ ಆಗದಿದ್ದರೆ, ಅವಳು ಬೇರೆ ಬಾಗಿಲು ತಟ್ಟಿದ್ದಕ್ಕೆ ನಾಚಬೇಕಾದವರು ನಾವು.

ಜಮಾಅತ್‌ನವರಿಗೂ ಮನೆಯವರಿಗೂ

ಜಮಾಅತ್‌ನ ಹಿರಿಯರೇ, ‘ಇನ್ನು ಮುಂದೆ ಪರಸ್ಪರ ಯಾವುದೇ ಬಾಕಿ ಇರುವುದಿಲ್ಲ’ ಎಂಬ ಒಂದು ಸಾಲಿನ ಕಾಗದಕ್ಕೆ ಹೆಣ್ಣುಮಗಳ ಸಹಿ ಪಡೆಯಬೇಡಿ. ಮೊದಲು ಪಟ್ಟಿ ಮಾಡಿ. ಮಹ್ರ್ ಎಷ್ಟು, ಬಾಕಿ ಎಷ್ಟು, ಒಡವೆ ಎಷ್ಟು ಗ್ರಾಂ, ಅಡವಿಟ್ಟದ್ದು ಯಾವುದು, ಮಾರಿದ್ದು ಯಾವುದು, ಸಾಮಾನು ಯಾರದ್ದು, ಯಾರ ಹೆಸರಿನಲ್ಲಿ ಎಷ್ಟು ಸಾಲ, ಆ ಹಣ ಯಾವುದಕ್ಕೆ ಹೋಯಿತು, ಮತಾಅ್ ಎಷ್ಟು, ಮಕ್ಕಳ ತಿಂಗಳ ಖರ್ಚು ಎಷ್ಟು, ಯಾವ ತಾರೀಕಿನೊಳಗೆ ಕೊಡಬೇಕು. ಇದನ್ನು ಅವಳಿಗೆ ಓದಿ ಹೇಳಿ. ಅವಳು ನೇರವಾಗಿ ಮಾತಾಡಲಿ ಅಥವಾ ಅವಳು ನಂಬುವ ಒಬ್ಬರು ಅವಳ ಪರವಾಗಿ ಇರಲಿ. ಎರಡು ಪ್ರತಿ ಮಾಡಿ, ಒಂದನ್ನು ಅವಳ ಕೈಗೆ ಕೊಡಿ. ನಮ್ಮ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ ಎಂಬುದನ್ನೂ ತಿಳಿಸಿ, ವಕೀಲರ ಮೂಲಕ ಅದನ್ನು ಭದ್ರಪಡಿಸಿಕೊಡಿ.

ಹೆಣ್ಣಿನ ಕಡೆಯವರಿಗೂ ಒಂದು ಮಾತು. ಇಲ್ಲದ ಒಡವೆಯನ್ನು ಪಟ್ಟಿಯಲ್ಲಿ ಸೇರಿಸುವುದು, 10 ಪವನನ್ನು 30 ಎಂದು ಬರೆಸುವುದು, ಹಠ ಸಾಧಿಸಲು ಸುಳ್ಳು ಕೇಸು ಹಾಕುವುದು ಇವೂ ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನುವುದೇ. ನರಕದ ತುಂಡು ಗಂಡಸರಿಗೆ ಮಾತ್ರ ಎಂದು ಹದೀಸಿನಲ್ಲಿಲ್ಲ.

ಕೊನೆಯದಾಗಿ ಸುಖವಾಗಿ ಬಾಳುತ್ತಿರುವ ದಂಪತಿಗಳಿಗೆ ಹೇಳುತ್ತೇನೆ. ಸಾಲವನ್ನು ಬರೆದಿಡಬೇಕೆಂದು ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತ ಆದೇಶಿಸಿದೆ. ಅದು ಕುರ್‌ಆನ್‌ನ ಅತಿ ಉದ್ದದ ಸೂಕ್ತ. ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬ ತಾಕೀತೂ ಅದರಲ್ಲಿದೆ. ಗಂಡ-ಹೆಂಡತಿಗೆ ಅದರಿಂದ ವಿನಾಯಿತಿ ಕೊಟ್ಟಿಲ್ಲ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ನಾಳೆ ಗಂಡ ಅಪಘಾತದಲ್ಲಿ ತೀರಿಹೋದರೂ ಹೆಂಡತಿಯ ಒಡವೆ ವಾರಸುದಾರರ ಪಾಲಾಗದಂತೆ ಆ ಕಾಗದ ಕಾಯುತ್ತದೆ. ಈ ಜುಮಾ ಮುಗಿಸಿ ಮನೆಗೆ ಹೋದವರು ಊಟವಾದ ಮೇಲೆ ಒಂದು ಪುಸ್ತಕ ತೆಗೆದು, ‘ನಿನ್ನ ಇಷ್ಟು ಗ್ರಾಂ ಬಂಗಾರ ನನ್ನ ಮೇಲೆ ಸಾಲವಿದೆ’ ಎಂದು ಬರೆದು ಸಹಿ ಹಾಕಿ ಹೆಂಡತಿಯ ಕೈಗೆ ಕೊಡಿ. ಅವಳು ಮನಸಾರೆ ಮಾಫಿ ಮಾಡಿದರೆ ಅದನ್ನೂ ಬರೆಯಿರಿ. ಸಾಲವಲ್ಲ, ಉಡುಗೊರೆ ಎಂದರೆ ಅದನ್ನೂ ಬರೆಯಿರಿ.

ಅಲ್ಲಾಹುವೇ, ನಮ್ಮ ಮನೆಗಳಲ್ಲಿ ಪ್ರೀತಿ ಮತ್ತು ಶಾಂತಿಯನ್ನು ಉಳಿಸು. ಬೇರ್ಪಡಬೇಕಾಗಿ ಬಂದವರಿಗೆ ಒಳಿತಿನೊಂದಿಗೆ ಬೇರ್ಪಡುವ ಸೌಭಾಗ್ಯ ಕೊಡು. ಪರರ ಹಕ್ಕನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನೆದುರು ನಿಲ್ಲುವ ಸ್ಥಿತಿಯಿಂದ ನಮ್ಮನ್ನು ಕಾಪಾಡು. ನಮ್ಮ ಸಾಲಗಳನ್ನು ಸಾಯುವ ಮುಂಚೆ ತೀರಿಸಲು ನೆರವಾಗು. ಆಮೀನ್.